ಅಕ್ಕ ‘ಹೂಂ’ ಅನ್ನುವವರೆಗೆ

ತೂಗುಸೇತುವೆಯ ಅಂಚಿಗೆ ಬಂದು ಪರದೆಯ ಮೇಲಿನ ಇಬ್ಬರು ಪುಟಾಣಿ ವೀರರೂ ನಿಂತರು. ಆಡುತ್ತಿದ್ದ ಗಡಿಯಾರ ರಿಪೇರಿಯವನು ಕಂಟ್ರೋಲರನ್ನು ಬಿಗಿಯಾಗಿ ಹಿಡಿದ. ಈ ವಿಡಿಯೋ ಗೇಮಿನ ಎರಡನೇ ಭಾಗಕ್ಕಾಗಿ ಅವನು ವರ್ಷಗಟ್ಟಲೆ ಚಾತಕಪಕ್ಷಿಯಂತೆ ಕಾದಿದ್ದ. ಬಂದ ಮೇಲೆ ನೋಡಿದರೆ ಬೆಳಗಿನಿಂದ ಅವನದು ಬರೀ ಬೈಗುಳ: “ಬಣ್ಣ ಬಳಿದೂ ಬಳಿದೂ ಆಟದ ಜೀವಾನೇ ತೆಗೆದಿದಾರೆ.” ಸೇತುವೆ ಮಾತ್ರ ಮೊದಲ ಭಾಗದಲ್ಲಿದ್ದ ಅದೇ ಹಳೆಯದು. ಇಬ್ಬರೂ ಒಟ್ಟಿಗೆ ನೆಗೆದರೆ ಬದುಕು. ಒಬ್ಬರು ಮುಂದಾದರೆ ಇಬ್ಬರೂ ಪಾತಾಳಕ್ಕೆ. ಚಿಕ್ಕವರಿದ್ದಾಗ ಅಕ್ಕ “ಹೂಂ” ಅನ್ನುವವರೆಗೆ ಅವನು ಕಂಟ್ರೋಲರಿನ ನೆಗೆಯುವ ಗುಂಡಿ ಒತ್ತುವ ಹಾಗಿರಲಿಲ್ಲ.

ಅಕ್ಕ ಈಗಲೂ ಪಕ್ಕದಲ್ಲೇ ಕೂತಿದ್ದಳು. ಪಾರ್ಶ್ವವಾಯು ಬಡಿದ ಮೇಲೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ, ಬಲಗೈ ವ್ಯಾಯಾಮಕ್ಕೆ ಕೊಟ್ಟ ರಬ್ಬರ್ ಚೆಂಡನ್ನು ಮಂಚದ ಕೆಳಗೆ ಎಸೆದಿದ್ದಳು. ತಮ್ಮನ ಕಾಟ ತಾಳಲಾರದೆ ಆಟಕ್ಕೆ ಕೂತವಳು ಮೊದಲೇ ಹೇಳಿದ್ದಳು: “ಎಡಗೈಲಿ ನಡೆಸ್ತೀನಿ ಅಷ್ಟೆ. ಹಾರೋ ಗುಂಡಿ ಬಲಗಡೆ ಇದೆ, ಅದು ನನ್ನ ಕೈಲಾಗಲ್ಲ.”

ಅವಳಿಗೆ ಮುಜುಗರವಾಗಬಾರದೆಂದು ಅವನು ಕಾಯದೆ ಒಬ್ಬನೇ ನೆಗೆದ. ಸೇತುವೆ ಮುರಿಯಿತು. ಅವನ ವೀರ ಬೀಳುತ್ತಿದ್ದಾಗ ಅಕ್ಕನ ವೀರನೂ ಗಾಳಿಯಲ್ಲಿದ್ದ, ಒಂದೇ ಒಂದು ಉಸಿರು ತಡವಾಗಿ ನೆಗೆದು.

ಅವನು ಗಕ್ಕನೆ ತಿರುಗಿದ. ಬಲಗಡೆಯ ಗುಂಡಿಯ ಮೇಲೆ ಅಕ್ಕನ ಹೆಬ್ಬೆರಳು ಗಡಗಡ ನಡುಗುತ್ತಿತ್ತು.

“ಲೋ ಕತ್ತೆ, ನಾನು ಹೂಂ ಅಂದ್ನಾ?” ಎಷ್ಟೋ ತಿಂಗಳಿಂದ ಯಾರನ್ನೂ ಗದರದವಳು ಗದರಿದಳು. “ನಿಂದು ಇನ್ನೂ ಅದೇ ಅವಸರ. ಮತ್ತೆ ಶುರು ಮಾಡು. ಈ ಸಲ ನಾನು ಹೇಳೋವರೆಗೂ ಕಾಯ್ಬೇಕು, ಗೊತ್ತಾಯ್ತಾ?”