ಸೋಮವಾರದ ಫಲಾಹಾರ

ಗಾಜಿನ ನಳಿಕೆಯ ನೀಲಿ ದ್ರಾವಣ ಕುದಿಯುತ್ತಲೇ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅಪ್ಪನ ಮೂತ್ರದಲ್ಲಿ ಇಷ್ಟೊಂದು ಸಕ್ಕರೆಯನ್ನು ಗೌರಾ ಹಿಂದೆಂದೂ ಕಂಡಿರಲಿಲ್ಲ.

"ಉಪವಾಸದ ದಿನಾನೂ ಏರತೈತೇನವಾ?" ಅಪ್ಪ ಅಂದಾನಪ್ಪ ಬೆರಗಾದ. ಕಾಲ್ಬೆರಳಿನ ಹುಣ್ಣು ಮಾಯಲೆಂದೇ ಅವನು ಶ್ರಾವಣ ಸೋಮವಾರಗಳ ಉಪವಾಸ ಹರಸಿಕೊಂಡಿದ್ದ. ಮಾಯದಿದ್ದರೆ ಬೆರಳು ತೆಗೆಯಬೇಕೆಂದು ಹುನಗುಂದದ ಡಾಕ್ಟರು ಹೇಳಿದ್ದರು.

"ಮುಂಜಾನೆ ತಿಂದ ಸಾಬೂದಾಣಿ, ಬಾಳಿಹಣ್ಣು ಹೊಟ್ಟ್ಯಾಗ ಸಕ್ಕರೀನ ಆಗ್ತಾವಪ್ಪಾ. ಅದಕ್ಕಿಂತ ಒಂದು ಜ್ವಾಳದ ರೊಟ್ಟಿ, ಹೆಸರುಕಾಳ ಪಲ್ಲೆ ಚಲೋ."

"ಬಿಎಸ್ಸಿ ಓದಿ ದೇವರಿಗೇ ಪಾಠ ಹೇಳ್ತಿ? ಹರಕಿ ಮುರಿಯಂಗಿಲ್ಲ!"

ಸಂಜೆಯ ಫಲಾಹಾರಕ್ಕೆ ಸಾಬೂದಾಣಿ ಖಿಚಡಿ ಬಡಿಸಿದ್ದ ಹೆಂಡತಿ ಶಿವಬಸವ್ವ, ಅವನ ತಾಟನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡು ರೊಟ್ಟಿಯ ಬುಟ್ಟಿಯನ್ನು ಅವನ ಮುಂದೆ ಸರಿಸಿದಳು.

"ಮುರಿಯೂದು ಬ್ಯಾಡ್ರಿ. ಇವತ್ತಿಂದ ಆ ಉಪವಾಸ ನಂದು. ನೀವು ಉಣ್ರಿ."