ಹುಳು ತಿಂದ ಕೈ

ಬೆಳಿಗ್ಗೆ ಹತ್ತೂಕಾಲಿಗೆ, ಚಿತ್ರ ರಿಪೇರಿ ಅಂಗಡಿಯಲ್ಲಿ ಚೌಕಟ್ಟು ಬಿಚ್ಚಿದಾಗ, ಹಳೆಯ ನೀತಿಚಿತ್ರದಲ್ಲಿ ಮಗನನ್ನು ಕ್ಷಮಿಸುವ ಅಪ್ಪನ ಕೈ ಇರಲಿಲ್ಲ. ಹುಳು ತಿಂದುಬಿಟ್ಟಿತ್ತು. ತಪ್ಪೊಪ್ಪಿಕೊಂಡ ಮಗ ಮಂಡಿಯೂರಿ ಕೂತೇ ಇದ್ದ; ಅವನ ತಲೆಯ ಮೇಲೆ ಬರೀ ತೂತು. ಚಿತ್ರ ತಂದಿದ್ದ ಗಿರಾಕಿ ಹನ್ನೊಂದರ ಬಸ್ಸು ಹಿಡಿಯಬೇಕಿತ್ತು. ಅಂಗಡಿ ನಡೆಸುವ ಅಕ್ಕ ಅವಸರವಸರವಾಗಿ ಕಾಗದದ ತೇಪೆ ಹಚ್ಚಿ ಕೈ ಬರೆದಳು. ಗಿರಾಕಿ ಬಗ್ಗಿ ನೋಡಿದ. "ಇದು ಕ್ಷಮಿಸೋ ಕೈ ಅಲ್ಲಮ್ಮ, ಕಪಾಳಕ್ಕೆ ಬಾರಿಸೋ ಕೈ."

ಬಣ್ಣ ಕಲಸುತ್ತಿದ್ದ ತಂಗಿ ತಲೆಯೆತ್ತಿದಳು. ಅಕ್ಕನ ಅಂಗಡಿಯ ಗಿರಾಕಿಗಳನ್ನೆಲ್ಲ ಎದುರಂಗಡಿಗೆ ಎಳೆದುಕೊಂಡು ಹೋಗಿ, ಅಲ್ಲಿ ಬಾಳದೆ ವಾಪಸು ಬಂದವಳು ಅವಳು. ಅಕ್ಕ ಕೆಲಸಕ್ಕೆ ಸೇರಿಸಿಕೊಂಡಿದ್ದಳೇ ಹೊರತು ಮಾತಾಡಿಸಿರಲಿಲ್ಲ. ಏನಿದ್ದರೂ ಗೋಡೆಗೆ ಹೇಳುತ್ತಿದ್ದಳು. ಈಗಲೂ ಗೋಡೆಗೇ ಹೇಳಿದಳು: "ನೋಡಿ ಬರೀಬೇಕು. ಕೈ ಇಡೋಕೆ ಯಾರದಾದ್ರೂ ತಲೆ ಬೇಕು."

"ನಂದು ಬೋಳು, ಕೈ ಜಾರುತ್ತೆ," ಎಂದ ಗಿರಾಕಿ.

ತಂಗಿ ಕುಂಚ ಬಿಟ್ಟು ಓಡಿಬಂದು ಅಕ್ಕನ ಎಡಕ್ಕೆ ಮಂಡಿಯೂರಿದಳು. ಅಕ್ಕನ ಎಡಗೈ ಅವಳ ತಲೆಯ ಮೇಲೆ ಮರದ ತುಂಡಿನ ಹಾಗೆ ಬಂದು ಕೂತಿತು. ಬಲಗೈಯ ಪೆನ್ಸಿಲ್ ಸರಸರ ಓಡಿತು. "ಬೆರಳು ಇನ್ನೂ ಸೆಟೆದುಕೊಂಡಿವೆ," ಎಂದ ಗಿರಾಕಿ, ಗಡಿಯಾರ ನೋಡುತ್ತ.

"ತಪ್ಪಾಯ್ತಕ್ಕಾ," ಎಂದಳು ತಂಗಿ.

ಬೆರಳುಗಳು ಒಂದೊಂದಾಗಿ ಸಡಿಲಗೊಂಡು ಕೂದಲೊಳಗೆ ಇಳಿದವು. ತಂಗಿಯ ಹೆಗಲು ನಡುಗತೊಡಗಿತು. "ಅಲ್ಲಾಡಬೇಡ್ವೇ, ಚಿತ್ರ ಕೆಡುತ್ತೆ," ಎಂದಳು ಅಕ್ಕ, ಗೋಡೆಗಲ್ಲ, ಅವಳಿಗೆ. ಪೆನ್ಸಿಲ್ ಆಗಲೇ ಮೇಜಿನ ಮೇಲಿತ್ತು.

ಹನ್ನೊಂದರ ಬಸ್ಸು ಗಿರಾಕಿಯನ್ನು ಬಿಟ್ಟು ಹೋಯಿತು.