ಸೊಸೆಯ ಬಯಕೆ, ಅತ್ತೆಯ ಕೈಬಳೆ

"ಬಾಯಿ ಕಟ್ಟೋದೇನು ದೊಡ್ಡ ತಪಸ್ಸಾ? ನಾವೂ ಹೆತ್ತಿಲ್ವಾ?" ಎಂದು ಸಾಕಮ್ಮ ಆಸ್ಪತ್ರೆಯಲ್ಲಿ ಅಂದದ್ದೇ ತಪ್ಪಾಯಿತು. ನರ್ಸು ಬಯಕೆ ಬಳೆಯ ಜೋಡಿ ತೆಗೆದು, ಒಂದನ್ನು ಬಸುರಿ ಸೊಸೆ ಹೇಮಲತಳಿಗೆ, ಇನ್ನೊಂದನ್ನು ಅತ್ತೆಗೆ ತೊಡಿಸಿದಳು. ಬಸುರಲ್ಲಿ ಸಕ್ಕರೆ ಕಾಯಿಲೆ ಬಂದವರ ಸಿಹಿಯಾಸೆಯನ್ನು ಹೆರಿಗೆಯವರೆಗೆ ಈ ಬಳೆ ತೊಟ್ಟು ಮನೆಯವರು ಹೊರುವುದು ಆ ಊರಿನ ವಾಡಿಕೆ. ಹೊತ್ತವರು ಒಂದು ಚೂರು ಸಿಹಿ ತಿಂದರೂ ಬಳೆ ಕಳಚಿ ಆಸೆಯೆಲ್ಲ ಬಸುರಿಗೇ ವಾಪಸ್ಸು. ಅವಳು ತಿಂದರೆ ಹೊಟ್ಟೆಯೊಳಗಿನ ಕೂಸಿಗೆ ಕಷ್ಟ.

ಮೂರನೆಯ ದಿನವೇ ಸೀಮಂತ. ಹೇಮಲತ ಅರ್ಧ ಮುದ್ದೆ, ಸೊಪ್ಪಿನ ಸಾರು ನೆಮ್ಮದಿಯಾಗಿ ಉಂಡು ಕೈ ತೊಳೆಯಲು ಬಂದರೆ, ಹುಟ್ಟಿದಾಗಿನಿಂದ ಸಿಹಿಗೆ ಮೂಗು ಮುರಿದಿದ್ದ ಸಾಕಮ್ಮ ಅಡುಗೆಮನೆ ಬಾಗಿಲ ಹಿಂದೆ ಕಜ್ಜಾಯದ ಡಬ್ಬಿ ತಬ್ಬಿಕೊಂಡು ಕೂತಿದ್ದಳು. ಬೆಣ್ಣೆ ಬಳಿದ ಒಂದು ಕಜ್ಜಾಯ ತುಟಿಯ ಹತ್ತಿರಕ್ಕೇ ಬಂದಿತ್ತು.

"ಏನತ್ತೆ, ತಪಸ್ಸು ಮಾಡ್ತಿದ್ದೀರಾ?"

"ಬಾಯ್ಮುಚ್ಚೇ. ದಿನಾ ಹಿಂಗೇ ಆಗ್ತಿತ್ತಾ ನಿಂಗೆ?"

"ಇದು ಮಧ್ಯಾಹ್ನದ್ದು, ಕಮ್ಮಿ. ಸಂಜೆ ನೋಡಿ ನೀವು."

ಸಾಕಮ್ಮ ಸೊಸೆಯ ಹೊಟ್ಟೆಯನ್ನೊಮ್ಮೆ, ಕಜ್ಜಾಯವನ್ನೊಮ್ಮೆ ನೋಡಿದಳು. ಉಗುಳು ನುಂಗಿ, ಕಜ್ಜಾಯವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ಅಷ್ಟರಲ್ಲಿ ನಡುಮನೆಯಿಂದ ಸಾಕಮ್ಮನ ನಾದಿನಿ ಪುಟ್ಟತಾಯಿಯ ದನಿ ಕೇಳಿತು. "ಒಂದು ಆಸೆ ತಡ್ಕೊಳ್ಳೋಕೆ ಬಳೆ ಬೇರೆ ಕೇಡು. ನಾವೂ ಹೆತ್ತಿಲ್ವಾ?"

ಸಾಕಮ್ಮ ಸೆರಗಿನಲ್ಲಿ ಬೆಣ್ಣೆಗೈ ಒರೆಸಿಕೊಂಡು ಎದ್ದಳು.

"ಹೇಮಾ, ಆ ನರ್ಸಮ್ಮಂಗೆ ಫೋನ್ ಮಾಡು. ಸಂಜೆ ಪಾಳಿಗೆ ಒಬ್ಬಳು ಸಿಕ್ಕವಳೆ ಅನ್ನು."